ಕಾಗದಕ್ಕೆ ಚಕ್ಕೆ ಎಣ್ಣೆ, ಬ್ರೆಡ್ಡಿಗೆ ಆಯುಷ್ಯ

ಆಷಾಢದ ಮಳೆ ಹಿಡಿಯಿತೆಂದರೆ ತಿರುಮಕೂಡಲು ನರಸೀಪುರದ ಬೇಕರಿಗಳಲ್ಲಿ ಮೊದಲು ಕೆಡುವುದು ಬ್ರೆಡ್ಡು, ಆಮೇಲೆ ಮಾಲೀಕರ ಮನಸ್ಸು. ಕಾವೇರಿ, ಕಪಿಲೆ ಎರಡೂ ತುಂಬಿ ಬರುವ ಆ ದಿನಗಳಲ್ಲಿ ಊರಿನ ಗಾಳಿಯನ್ನೇ ಹಿಂಡಿದರೆ ನೀರು ಬರುವಂತಿರುತ್ತದೆ. ಅಂಥದ್ದೊಂದು ಮಧ್ಯಾಹ್ನ ಬೇಕರಿಯ ಹಿಂಬದಿಯ ಕೋಣೆಯಲ್ಲಿ ನಡೆದ ಮಾತು ಇದು. ಮಾತಾಡಿದವರು ಇಬ್ಬರು: ಬೇಕರಿಯ ಯಜಮಾನರು, ಮತ್ತು ಮೈಸೂರಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿ ಮುಗಿಸಿದ ಅವರ ಅಕ್ಕನ ಮಗಳು. ಗಿಡಮೂಲಿಕೆಗಳ ಸುಗಂಧ ತೈಲ ಲೇಪಿಸಿದ, ಬೂಷ್ಟು ತಡೆಯುವ ಕಾಗದವನ್ನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದಾಗಿ ಮಾಡಬೇಕೆಂಬುದು ಹುಡುಗಿಯ ಆಸೆ. ಮೂರು ಬಗೆಯ ಹಾಳೆಗಳನ್ನು ಸುರುಳಿ ಸುತ್ತಿ ತಂದಿದ್ದಳು.

ಅಂಗಡಿಯವರು: ಏನೇ ಇದು, ಹಲ್ಲಿನ ಡಾಕ್ಟರ್ ಶಾಪಿಗೆ ಹೋದ ಹಾಗಿದೆಯಲ್ಲ ವಾಸನೆ?

ಹುಡುಗಿ: ಮೇಲಿಂದು ಲವಂಗದ ಎಣ್ಣೆ ಹಚ್ಚಿದ್ದು ಮಾವ. ಹಲ್ಲಿಗೆ ತುಂಬೋ ಸಿಮೆಂಟಿನಲ್ಲೂ ಅದರ ಸಾರವೇ ಇರೋದು, ಯೂಜೆನಾಲ್ ಅಂತ. ಎರಡನೇದು ಚಕ್ಕೆ ಎಣ್ಣೆಯದು, ಕೆಳಗಿಂದು ಓಂಕಾಳಿನದು.

ಅಂಗಡಿಯವರು: ಓಂಕಾಳಿಂದು ಆ ಕಡೆ ಇಡು. ಬನ್ನು ತಗೊಂಡೋರು ಬಾಣಂತಿ ಕೋಣೆ ವಾಸನೆ ಅಂತಾರೆ. ಅಲ್ಲ, ನಂಜನಗೂಡಿನೋರಿಗೆ ಕಾಗದದ ಪೊಟ್ಟಣದಲ್ಲಿ ಔಷಧಿ ಮಾರೋದು ಹೊಸದೇನಲ್ಲ ಬಿಡು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು, ನಂಜನಗೂಡು ಹಲ್ಲುಪುಡಿ ಅಂದರೆ ಊರೂರಿಗೆ ಗೊತ್ತು. ಆದರೆ ಅಲ್ಲಿ ಔಷಧಿ ಒಳಗೆ, ಕಾಗದ ಹೊರಗೆ. ನೀನು ಔಷಧಿನ ಕಾಗದಕ್ಕೇ ಕುಡಿಸ್ತಾ ಇದ್ದೀಯ.

ಹುಡುಗಿ: ಅಷ್ಟೇ ವ್ಯತ್ಯಾಸ. ತಿನ್ನೋ ಪದಾರ್ಥಕ್ಕೆ ಹಾಕೋ ಬದಲು ಸುತ್ತೋ ಕಾಗದಕ್ಕೆ ಹಾಕೋದು. ಎಣ್ಣೆ ತಾನಾಗಿ ಆವಿಯಾಗಿ ಪೊಟ್ಟಣದೊಳಗೆ ತುಂಬಿಕೊಳ್ಳುತ್ತೆ. ಬೂಷ್ಟಿನ ಜೀವಕೋಶಕ್ಕೆ ಒಂದು ಪೊರೆ ಇರುತ್ತಲ್ಲ, ಅದು ಜಿಡ್ಡಿನದು. ಈ ಎಣ್ಣೆಗಳೂ ಜಿಡ್ಡಿನ ಜಾತಿಯವೇ. ಹೋಗಿ ಅದರೊಳಗೆ ಸೇರಿಕೊಂಡು ಪೊರೆ ಸಡಿಲ ಮಾಡುತ್ತವೆ, ಒಳಗಿರೋದು ಸೋರಿ ಹೋಗುತ್ತೆ.

ಅಂಗಡಿಯವರು: ಅದು ಸುಳ್ಳು ಅನ್ನಲ್ಲ. ಚಕ್ಕೆ ಪುಡಿ ಹಿಟ್ಟಿಗೆ ಒಂದು ಚೂರು ಹೆಚ್ಚಾಗಲಿ, ಈಸ್ಟು ಮಲಗಿಬಿಡುತ್ತೆ, ಹಿಟ್ಟು ಏಳೋದೇ ಇಲ್ಲ. ನಮ್ಮ ಹುಡುಗರು ಕಲಿಯೋ ಮೊದಲನೇ ಪಾಠ ಅದು. ಈಸ್ಟನ್ನ ಮಲಗಿಸೋದು ಬೂಷ್ಟನ್ನೂ ಮಲಗಿಸೀತು. ಆದರೆ ನನ್ನ ಬ್ರೆಡ್ಡಿಗೆ ಬೂಷ್ಟು ಎಲ್ಲಿಂದ ಬರುತ್ತೆ ಅಂತ ಗೊತ್ತಾ ನಿನಗೆ?

ಹುಡುಗಿ: ಒಲೆಯಿಂದಂತೂ ಅಲ್ಲ. ಆ ಶಾಖಕ್ಕೆ ಬೂಷ್ಟಿನ ಬೀಜಕಣ ಉಳಿಯಲ್ಲ. ಹೊರಗೆ ಬಂದ ಮೇಲೆ ಗಾಳಿಯಿಂದ ಕೂರುತ್ತೆ, ಸ್ಲೈಸ್ ಮಾಡೋ ಬ್ಲೇಡಿಂದ ಅಂಟುತ್ತೆ, ಕೈಯಿಂದ ಬರುತ್ತೆ.

ಅಂಗಡಿಯವರು: ಸರಿ. ಇನ್ನೊಂದಿದೆ, ಅದು ಪುಸ್ತಕದಲ್ಲಿ ಇರಲಿಕ್ಕಿಲ್ಲ. ಗಿರಾಕಿ ನಿಂತಿದ್ದಾರೆ ಅಂತ ಹುಡುಗ ಬ್ರೆಡ್ಡು ಪೂರ್ತಿ ಆರೋಕೆ ಮುಂಚೆ ಕವರಿಗೆ ಹಾಕ್ತಾನೆ. ಕವರಿನ ಒಳಮೈಯೆಲ್ಲ ಬೆವರುತ್ತೆ. ಆ ಹನಿ ಇಳಿದು ತಳದ ಸ್ಲೈಸಿನ ಅಂಚಲ್ಲಿ ನಿಲ್ಲುತ್ತೆ. ಮೊದಲ ಹಸಿರು ಚುಕ್ಕೆ ಅಲ್ಲೇ, ಯಾವಾಗಲೂ ಅಲ್ಲೇ. ಮಳೆಗಾಲದಲ್ಲಿ ನಾನು ದಿನಾ ಬೆಳಗ್ಗೆ ಕವರನ್ನ ತಲೆಕೆಳಗು ಮಾಡಿ ನೋಡೋದು ಅದಕ್ಕೇ. ಅದಕ್ಕೆ ಬೇಕಿರೋದು ಲವಂಗವೂ ಅಲ್ಲ, ಚಕ್ಕೆಯೂ ಅಲ್ಲ. ಒಂದು ಗಂಟೆ ಜಾಸ್ತಿ ಆರಿಸೋ ತಾಳ್ಮೆ.

ಹುಡುಗಿ: ತಾಳ್ಮೆ ಇದ್ದರೆ ಕಾಗದವೇ ಬೇಡ, ಒಪ್ಪಿದೆ. ಆದರೆ ತಾಳ್ಮೆ ಇಲ್ಲ ಅಂತ ತಾನೇ ನೀವು ಬೂಷ್ಟು ತಡೆಯೋಕೆ ಹಿಟ್ಟಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕ್ತಿರೋದು?

ಅಂಗಡಿಯವರು: ಹಾಕ್ತೀನಿ, ಕಾನೂನು ಹೇಳಿದ ಅಳತೇಲಿ. ಕವರಿನ ಮೇಲೂ ಬರೆದಿದೆ. ಅಗ್ಗ, ವಾಸನೆ ಇಲ್ಲ, ಕೆಲಸ ಮಾಡುತ್ತೆ.

ಹುಡುಗಿ: ಅದನ್ನ ತಿನ್ನೋರು ಹೊಟ್ಟೆಗೆ ಇಳಿಸ್ತಾರೆ. ಕಾಗದದ್ದು ಕಾಗದದಲ್ಲೇ ಉಳಿಯುತ್ತೆ.

ಅಂಗಡಿಯವರು: ಈಗ ತಾನೇ ಆವಿಯಾಗಿ ಬ್ರೆಡ್ಡಿಗೆ ಹೋಗುತ್ತೆ ಅಂದೆ. ಹೋದರೆ ತಾನೇ ಕೆಲಸ? ಕಾಗದದಲ್ಲೇ ಉಳಿದರೆ ಬೂಷ್ಟು ಹೇಗೆ ಸಾಯುತ್ತೆ?

ಹುಡುಗಿ ಇಲ್ಲಿ ನಕ್ಕು ಸುಮ್ಮನಾದಳು. ಈ ವಿದ್ಯೆಯ ಗಂಟು ಇರುವುದೂ ಇಲ್ಲೇ. ಪ್ಲಾಸ್ಟಿಕ್ ಕವರು ಏನನ್ನೂ ಕೊಡದೆ, ಏನನ್ನೂ ಬಿಡದೆ ಕಾಯುತ್ತದೆ. ಈ ಕಾಗದ ತನ್ನಲ್ಲಿರುವುದನ್ನು ಕೊಟ್ಟು ಕಾಯಬೇಕು. ಬೇಗ ಕೊಟ್ಟುಬಿಟ್ಟರೆ ಗೋದಾಮಿನಲ್ಲೇ ಖಾಲಿ, ಕೊಡದೇ ಇದ್ದರೆ ಬರೀ ಘಮಘಮಿಸುವ ಹಾಳೆ.

ಹುಡುಗಿ: ತಿನ್ನೋದಕ್ಕೆ ಸ್ವಲ್ಪ ಹೋಗುತ್ತೆ, ಅದು ನಿಜ. ಆದರೆ ಇವೆಲ್ಲ ನಾವು ಪಲಾವಿಗೆ, ಒಬ್ಬಟ್ಟಿಗೆ ಹಾಕೋ ಸಾಮಾನೇ. ಯೂಜೆನಾಲ್ ದಿನಕ್ಕೆ ಎಷ್ಟು ಹೊಟ್ಟೆಗೆ ಹೋದರೆ ತೊಂದರೆ ಇಲ್ಲ ಅಂತ ಲೆಕ್ಕವೂ ಇದೆ, ಮೈತೂಕದ ಒಂದು ಕೆಜಿಗೆ 2.5 ಮಿಲಿಗ್ರಾಂವರೆಗೆ.

ಅಂಗಡಿಯವರು: ಅಂದರೆ ಇಪ್ಪತ್ತು ಕೆಜಿ ಮಗುವಿಗೆ ಐವತ್ತು ಮಿಲಿಗ್ರಾಂ. ಹಾಳೆಗೆ ಎಷ್ಟು ಹಚ್ಚಿದ್ದೀಯ, ಅದರಲ್ಲಿ ಎಷ್ಟು ಬ್ರೆಡ್ಡಿಗೆ ಇಳಿಯುತ್ತೆ, ಅಳೆದಿದ್ದೀಯಾ?

ಹುಡುಗಿ: ಹಚ್ಚಿದ್ದು ಗೊತ್ತು. ಇಳಿಯೋದನ್ನ ಲ್ಯಾಬಲ್ಲಿ ಅಳೆಸಬೇಕು.

ಅಂಗಡಿಯವರು: ಮೊದಲು ಅದು ಆಗಲಿ. ಗಿಡದಿಂದ ಬಂದದ್ದು ಅಂತ ಹೇಳಿದ ಕೂಡಲೇ ಜನ ಕಣ್ಣು ಮುಚ್ಚಿ ತಿಂತಾರೆ. ದತ್ತೂರಿಯೂ ಗಿಡವೇ. ಚಕ್ಕೆ ಎಣ್ಣೆ ಕೈಗೆ ಬಿದ್ದರೆ ಚರ್ಮ ಉರಿಯುತ್ತೆ. ದಿನಾ ಆ ಹಾಳೆ ಮುಟ್ಟೋ ನನ್ನ ಹುಡುಗರ ಕೈ ನೋಡೋರು ಯಾರು?

ಹುಡುಗಿ: ಅದನ್ನೂ ಬರೆದುಕೊಂಡೆ. ಆದರೆ ಮಾವ, ನೀವು ಮೊದಲು ಬೋಂಡಾ ಯಾವುದರಲ್ಲಿ ಕಟ್ಟಿ ಕೊಡ್ತಿದ್ರಿ?

ಅಂಗಡಿಯವರು: ಎಲ್ಲರ ಹಾಗೆ, ಹಳೇ ಪೇಪರಲ್ಲಿ.

ಹುಡುಗಿ: ಎಣ್ಣೆ ಇಳಿದು ಅಕ್ಷರ ಬೋಂಡಾಕ್ಕೆ ಅಂಟಿರುತ್ತಿತ್ತು. ನಾನೇ ಓದಿದ್ದೀನಿ. ಆವಾಗ ಎಷ್ಟು ಮಿಲಿಗ್ರಾಂ ಮಸಿ ಇಳೀತು ಅಂತ ಯಾರಾದರೂ ಕೇಳಿದರಾ? 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ನ್ಯೂಸ್‌ಪೇಪರಲ್ಲಿ ತಿಂಡಿ ಕಟ್ಟಬಾರದು ಅಂತಲೇ ಬರೀತು. ಆಮೇಲೂ ನಿಲ್ಲಲಿಲ್ಲ ಅಂತ 2023ರಲ್ಲಿ ಇನ್ನೊಂದು ಸಲ ಎಚ್ಚರಿಕೆ ಕೊಟ್ಟರು. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಿಂದ ತಡೆ. ಎಲ್ಲ ಬಾಗಿಲೂ ಮುಚ್ಚುತ್ತಾ ಬಂದರೆ ನೀವು ಕಟ್ಟಿ ಕೊಡೋದು ಯಾವುದರಲ್ಲಿ? ಕೊನೆಗೆ ಕಾಗದಕ್ಕೇ ಬರಬೇಕು. ಬರೀ ಕಾಗದ ಏನನ್ನೂ ಕಾಯೋದಿಲ್ಲ. ಅದಕ್ಕೆ ಏನಾದರೂ ಬಲ ತುಂಬಬೇಕು.

ಅಂಗಡಿಯವರು: ಬಾಳೆ ಎಲೆ, ಮುತ್ತುಗದ ಎಲೆ ಇರಲಿಲ್ವಾ?

ಹುಡುಗಿ: ಸ್ಲೈಸ್ ಬ್ರೆಡ್ಡನ್ನ ಮುತ್ತುಗದ ಎಲೆಯಲ್ಲಿ ಕಟ್ಟಿ ತಲಕಾಡು ಬಸ್ಸಿಗೆ ಹಾಕ್ತೀರಾ?

ಅಂಗಡಿಯವರು: ಸರಿ ಸರಿ. ನಿನ್ನ ಹಾಳೆಗೆ ಎಣ್ಣೆ ಹೇಗೆ ಹಿಡಿಸ್ತೀಯ, ಅದು ಹೇಳು. ಸುಮ್ಮನೆ ಸವರಿದರೆ ನಾಳೆ ಹೊತ್ತಿಗೆ ಹಾರಿಹೋಗಿರುತ್ತೆ.

ಹುಡುಗಿ: ಅದೇ ದೊಡ್ಡ ಕೆಲಸ. ಸ್ಪೇನ್ ದೇಶದ ಜರಗೋಜಾದ ವಿಜ್ಞಾನಿಗಳು ಮೇಣದಲ್ಲಿ ಚಕ್ಕೆ ಎಣ್ಣೆ ಬೆರೆಸಿ ಕಾಗದಕ್ಕೆ ಹಚ್ಚಿದರು. ಮೇಣದಲ್ಲಿ ನೂರಕ್ಕೆ ಆರು ಭಾಗ ಎಣ್ಣೆ ಇದ್ದಾಗ ಸ್ಲೈಸ್ ಬ್ರೆಡ್ಡಿನ ಮೇಲೆ ಬೇಕಂತಲೇ ಬಿಟ್ಟ ಕಪ್ಪು ಬೂಷ್ಟು ಮೂರು ದಿನವಾದರೂ ಹೆಚ್ಚುಕಮ್ಮಿ ಏಳಲೇ ಇಲ್ಲ. 2008ರಲ್ಲಿ ಅದು ಪ್ರಕಟವಾಯಿತು. ಇನ್ನೊಂದು ದಾರಿ ಪಿಷ್ಟದ್ದು. ಪಿಷ್ಟದಿಂದ ಮಾಡಿದ ಬಳೆಯಾಕಾರದ ಒಂದು ಅಣು ಇದೆ, ಸೈಕ್ಲೋಡೆಕ್ಸ್‌ಟ್ರಿನ್ ಅಂತ. ಎಣ್ಣೆ ಅದರ ನಡುವೆ ಕೂತಿರುತ್ತೆ. ಒಣಗಿದ್ದಾಗ ಸುಮ್ಮನೆ ಇರುತ್ತೆ, ತೇವ ತಾಗಿದಾಗ ಬಿಟ್ಟುಕೊಡುತ್ತೆ. ನೀವು ಹೇಳಿದಿರಲ್ಲ, ತಳದ ಸ್ಲೈಸಲ್ಲಿ ನಿಲ್ಲೋ ಹನಿ, ಅದೇ ಬೀಗದ ಕೈ.

ಅಂಗಡಿಯವರು: ಹ್ಞಾಂ, ಇದು ಚೆನ್ನಾಗಿದೆ. ಶತ್ರು ಬಂದಾಗಲೇ ಬಾಗಿಲು ತೆಗೆಯೋದು. ಆದರೆ ಸ್ಪೇನಿನೋರು ಬರೇ ಮೂರು ದಿನ ನೋಡಿದರಾ? ನನ್ನ ಬ್ರೆಡ್ಡು ಮೂರು ದಿನ ಏನೂ ಹಾಕದೇ ಇದ್ದರೂ ಇರುತ್ತೆ.

ಹುಡುಗಿ: ಅವರು ಬೂಷ್ಟು ಬಿತ್ತಿ ನೋಡಿದ್ದು ಮಾವ. ನಿಮ್ಮಲ್ಲಿ ಅಷ್ಟು ಬೂಷ್ಟು ಬಿದ್ದರೆ ಮಾರನೇ ದಿನವೇ ಗಡ್ಡ ಬಂದಿರುತ್ತೆ.

ಅಂಗಡಿಯವರು: ಅದನ್ನ ತಿಂದು ನೋಡಿದರಾ? ರುಚಿ ಹೇಗಿತ್ತಂತೆ?

ಹುಡುಗಿ: ಚಕ್ಕೆ ವಾಸನೆ ಬಂದೇ ಬರುತ್ತೆ. ಅದಕ್ಕೇ ನಾನು ಸಿಹಿ ಬನ್ನಿಗೆ, ಹಣ್ಣಿನ ಕೇಕಿಗೆ ಅಂತ ಯೋಚನೆ ಮಾಡಿರೋದು. ಅಲ್ಲಿ ಚಕ್ಕೆ ವಾಸನೆ ಬಂದರೆ ಜನ ಇನ್ನೊಂದು ಕೇಳ್ತಾರೆ.

ಅಂಗಡಿಯವರು: ಖಾರಾ ಬನ್ನಿಗೆ?

ಹುಡುಗಿ: ಅದಕ್ಕೆ ಓಂಕಾಳು. ನೀವು ಆ ಕಡೆ ಇಡಿಸಿದಿರಲ್ಲ, ಅದೇ. ಓಂಕಾಳಿನಲ್ಲಿರೋ ಥೈಮಾಲೂ ದೊಡ್ಡಪತ್ರೆಯ ಕಾರ್ವಕ್ರಾಲೂ ಅಣ್ಣತಮ್ಮಂದಿರು. ದೊಡ್ಡಪತ್ರೆ ತಂಬುಳಿ ತಿನ್ನೋ ಊರಿಗೆ ಆ ಘಾಟು ಹೊಸದಾ?

ಅಂಗಡಿಯವರು: ತಂಬುಳಿಗೆ ತಂಬುಳಿ ಘಾಟು ಇರಬೇಕು. ಬೆಣ್ಣೆ ಬಿಸ್ಕತ್ತಿಗೆ ಬೆಣ್ಣೆದೇ ಇರಬೇಕು. ಬೆಣ್ಣೆ ಏನು ಮಾಡುತ್ತೆ ಗೊತ್ತಲ್ಲ? ಪಕ್ಕದಲ್ಲಿ ಈರುಳ್ಳಿ ಇಟ್ಟರೂ ಅದರ ವಾಸನೆ ಎಳೆದುಕೊಳ್ಳುತ್ತೆ. ನಿನ್ನ ಎಣ್ಣೆನೆಲ್ಲ ಅದೇ ಕುಡಿದುಬಿಡುತ್ತೆ, ಬೂಷ್ಟಿಗೆ ಏನೂ ಉಳಿಯಲ್ಲ.

ಹುಡುಗಿ: ಹೌದು, ಜಿಡ್ಡಿನ ಪದಾರ್ಥಕ್ಕೆ ಇದು ಅಷ್ಟು ಹೊಂದಲ್ಲ. ಅದು ಎಲ್ಲ ಕಡೆ ಕಂಡಿರೋ ತೊಡಕೇ.

ಅಂಗಡಿಯವರು: ಬೆಲ್ಲಕ್ಕೆ? ನಮ್ಮ ತಾಲೂಕಲ್ಲಿ ಕಬ್ಬಿಗೆ, ಆಲೆಮನೆಗೆ ಏನು ಬರ?

ಹುಡುಗಿ: ಬೆಲ್ಲ ಮಳೆಗಾಲದಲ್ಲಿ ನೀರು ಎಳೆದುಕೊಂಡು ಜಿನುಗುತ್ತೆ. ಅದಕ್ಕೆ ತೇವ ಒಳಗೆ ಬಿಡದ ಹೊದಿಕೆ ಬೇಕು. ನನ್ನ ಕಾಗದದಿಂದ ಆಗಲ್ಲ, ಆಗುತ್ತೆ ಅಂತ ಹೇಳೋದೂ ಇಲ್ಲ. ರಸಬಾಳೆಗೆ ಆದೀತು.

ಅಂಗಡಿಯವರು: ಯಾವ ರಸಬಾಳೆ? ಎಲ್ಲಿದೆ ತೋರಿಸು! ಜಿ.ಐ. ಪಟ್ಟಿಯಲ್ಲಿ ನಂಜನಗೂಡು ರಸಬಾಳೆ ಇದೆ, ತೋಟದಲ್ಲಿ ಹುಡುಕಬೇಕು. ಪನಾಮಾ ರೋಗ ಮಣ್ಣಲ್ಲಿ ಕೂತಿದೆ. ಬೇರಿಂದ ಹತ್ತಿ ಗಿಡವನ್ನೇ ಬಾಡಿಸುತ್ತೆ. ಮಣ್ಣಿನ ರೋಗಕ್ಕೆ ನೀನು ಹಣ್ಣಿಗೆ ಕಾಗದ ಸುತ್ತಿ ಏನು ಮಾಡ್ತೀಯ?

ಹುಡುಗಿ: ಮಣ್ಣಿನ ರೋಗಕ್ಕೆ ಏನೂ ಮಾಡಲ್ಲ. ಆದರೆ ಬೆಳೆಯೋರು ಕಮ್ಮಿ ಆದಷ್ಟೂ ಒಂದೊಂದು ಗೊನೆಗೂ ಬೆಲೆ ಜಾಸ್ತಿ ಅಲ್ವಾ? ತೆಳು ಸಿಪ್ಪೆಯ ಹಣ್ಣು. ಬೆಂಗಳೂರು ಮುಟ್ಟೋ ಹೊತ್ತಿಗೆ ಚಿಪ್ಪಿನ ಬುಡ ಕಪ್ಪಗಾಗಿ ಕೊಳೀತಿರುತ್ತೆ. ಶ್ರೀಲಂಕಾದೋರು ಬಾಳೆಯ ಬುಡ ಕೊಳೆಗೆ, ಚುಕ್ಕೆ ರೋಗಕ್ಕೆ ಚಕ್ಕೆ ಎಣ್ಣೆ ಹಾಕಿ ನೋಡಿದ್ದಾರೆ, ಶಿಲೀಂಧ್ರ ಹಿಡಿತಕ್ಕೆ ಬಂದಿದೆ.

ಅಂಗಡಿಯವರು: ಚುಕ್ಕೆ ರೋಗ ಕಾಯಿ ಇದ್ದಾಗಲೇ ತೋಟದಲ್ಲಿ ಹತ್ತಿ ಸಿಪ್ಪೆಯೊಳಗೆ ಬಚ್ಚಿಟ್ಟುಕೊಂಡಿರುತ್ತೆ. ಹಣ್ಣಾದಾಗ ಎದ್ದು ಬರುತ್ತೆ. ಮಂಡಿಯಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ, ಕಾಯಿ ನೋಡೋಕೆ ಚೊಕ್ಕ, ಹಣ್ಣು ಮಾಡಿದ ಮೇಲೆ ಬಣ್ಣ ಬಯಲು. ನಿನ್ನ ಕಾಗದ ಬರೋ ಹೊತ್ತಿಗೆ ಕಳ್ಳ ಮನೆಯೊಳಗೇ ಇದ್ದಾನೆ.

ಹುಡುಗಿ: ಬುಡ ಕೊಳೆ ಹಾಗಲ್ಲ. ಚಿಪ್ಪು ಕೊಯ್ದ ಗಾಯದಿಂದ ಒಳಗೆ ಹೋಗೋದು. ಗಾಯದ ಜಾಗಕ್ಕೆ ಮಾತ್ರ ಒಂದು ತುಂಡು ಕಾಗದ ಸುತ್ತಿದರೂ ಸಾಕು. ಇಡೀ ಹಣ್ಣಿಗೆ ಸುತ್ತಿ, ಎಣ್ಣೆ ಹೆಚ್ಚಾದರೆ ಸಿಪ್ಪೆಯೇ ಸುಟ್ಟ ಹಾಗೆ ಕಂದುತ್ತೆ, ಅದು ನನಗೂ ಗೊತ್ತು.

ಮಾತು ಮತ್ತೆ ಬ್ರೆಡ್ಡಿಗೆ ಬಂತು. ಅಂಗಡಿಯವರು ಮನಸ್ಸಿನಲ್ಲಿ ಬಹಳ ಹೊತ್ತಿನಿಂದ ಇಟ್ಟುಕೊಂಡಿದ್ದ ಮಾತನ್ನು ಆಗ ತೆಗೆದರು. ನನ್ನನ್ನು ಕೇಳಿದರೆ ಆ ಮಧ್ಯಾಹ್ನದ ಅತಿ ಗಟ್ಟಿ ಮಾತು ಅದೇ.

ಅಂಗಡಿಯವರು: ಬ್ರೆಡ್ಡಿಗೆ ಬೂಷ್ಟಲ್ಲದೆ ಇನ್ನೊಂದು ಕಾಯಿಲೆ ಇದೆ ಕಣೇ. ಬೇಸಿಗೆಯಲ್ಲಿ ಬರುತ್ತೆ. ಮುರಿದರೆ ಒಳಗೆ ನೂಲು ನೂಲಾಗಿ ಎಳೆಯುತ್ತೆ. ಕೊಳೆತ ಅನಾನಸ್ಸಿನ ಹಾಗೆ ವಾಸನೆ.

ಹುಡುಗಿ: ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ. ಅದರ ಬೀಜಕಣ ಒಲೆಯ ಶಾಖಕ್ಕೂ ಸಾಯಲ್ಲ.

ಅಂಗಡಿಯವರು: ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ಹಿಡಿದುಕೊಡೋದು ಮೂಗು ಒಂದೇ. ಅಂಗಡಿಗೆ ಬರೋ ಅಜ್ಜಿ ಬ್ರೆಡ್ಡು ಕೈಗೆ ತಗೊಂಡು ಮೊದಲು ಮೂಗಿನ ಹತ್ತಿರ ಹಿಡೀತಾಳೆ, ಆಮೇಲೆ ದುಡ್ಡು ಕೊಡ್ತಾಳೆ. ನೀನು ಆ ಮೂಗಿಗೇ ಚಕ್ಕೆ ಎಣ್ಣೆ ಬಳೀತಾ ಇದ್ದೀಯ. ಹಳಸಿದ್ದೂ ಘಮ್ಮಂತಿದ್ದರೆ ಅವಳು ಯಾವುದನ್ನ ನಂಬಬೇಕು? ಬೂಷ್ಟು ಕೂಡ ಹಾಗೇ. ನಮಗೆ ನಷ್ಟ, ನಿಜ. ಆದರೆ ತಿನ್ನೋರಿಗೆ ಅದು ಕಣ್ಣಿಗೆ ಕಾಣೋ ಎಚ್ಚರಿಕೆ. ಹಸಿರು ಚುಕ್ಕೆ ತಡೆದು, ಒಳಗೆ ಇನ್ನೇನೋ ಬೆಳೀತಿದ್ದರೆ?

ಹುಡುಗಿ: ಒಳಗಿನದನ್ನ ಆವಿ ಮುಟ್ಟಲ್ಲ, ಒಪ್ಪಿದೆ. ಇ-ಕೊಲೈ, ಸಾಲ್ಮೊನೆಲ್ಲಾದಂಥವಕ್ಕೆ ಹೊರಗೆ ಇನ್ನೊಂದು ಕವಚ ಇರೋದರಿಂದ ಅವೂ ಅಷ್ಟು ಸುಲಭಕ್ಕೆ ಬಗ್ಗಲ್ಲ. ಆದರೆ ಮೂಗಿನ ನ್ಯಾಯ ಹೇಳೋ ನೀವೇ ಕೇಕಿಗೆ ಅನಾನಸ್ ಎಸೆನ್ಸ್ ಹಾಕ್ತೀರಲ್ಲ ಮಾವ? ಅದರಲ್ಲಿ ಅನಾನಸ್ ಎಲ್ಲಿದೆ? ಅಜ್ಜಿ ಮೂಗಿಗೆ ಅದು ಮೋಸ ಅಲ್ವಾ?

ಅಂಗಡಿಯವರು: ಎಸೆನ್ಸ್ ರುಚಿಗೆ ಹಾಕೋದು.

ಹುಡುಗಿ: ಮೂಗಿಗೆ ಅದು ಗೊತ್ತಾಗುತ್ತಾ? ಇನ್ನೊಂದು ಕೇಳ್ತೀನಿ, ಸೋಸಲೆ, ಮೂಗೂರು, ತಲಕಾಡು ಅಂಗಡಿಗಳಿಗೆ ಕಳಿಸ್ತೀರಲ್ಲ, ಮಾರದೆ ಉಳಿದ ಬ್ರೆಡ್ಡು ಯಾರ ಲೆಕ್ಕ?

ಅಂಗಡಿಯವರು: ನನ್ನ ಲೆಕ್ಕವೇ. ಅಂಗಡಿಯೋನು ವಾಪಸ್ ಕಳಿಸ್ತಾನೆ, ನಾನು ಬದಲು ಕೊಡ್ತೀನಿ. ಮಳೆಗಾಲದಲ್ಲಿ ವಾಪಸ್ ಬರೋ ಡಬ್ಬ ನೋಡಿದರೆ ಹೊಟ್ಟೆ ಉರಿಯುತ್ತೆ.

ಹುಡುಗಿ: ಅದಕ್ಕೇ ಹೇಳೋದು. ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್‌ನೋರು ಸೈನಿಕರಿಗೆ ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದರು. ನಮ್ಮ ಪಕ್ಕದಲ್ಲೇ ಅಂಥ ವಿದ್ಯೆ ಇದೆ. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಅಲ್ಲೇ ಇದೆ.

ಅಂಗಡಿಯವರು: ಆ ಚಪಾತಿ ಸಿಯಾಚಿನ್‌ಗೆ ಹೋಗಬೇಕು. ನನ್ನ ಬನ್ನು ಸೋಸಲೆಗೆ ಹೋದರೆ ಸಾಕು.

ಹುಡುಗಿ: ಸೋಸಲೆಯಿಂದ ವಾಪಸ್ ಬಾರದೇ ಇದ್ದರೂ ಸಾಕು ತಾನೇ?

ಅಂಗಡಿಯವರು ಜೋರಾಗಿ ನಕ್ಕರು. ಅಷ್ಟಾದರೂ ಸೋಲೊಪ್ಪುವ ಜಾಯಮಾನ ಅವರದಲ್ಲ. ಹಾಳೆಯೊಂದನ್ನು ಮಡಚಿ, ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದರು. ಕೆರೆದ ಜಾಗದಲ್ಲಿ ಬೆಳ್ಳಗೆ ಗೆರೆ ಎದ್ದಿತ್ತು.

ಅಂಗಡಿಯವರು: ಇದು ಮೇಣ. ರದ್ದಿ ವ್ಯಾಪಾರಿ ಮೇಣದ ರಟ್ಟು ಸಿಕ್ಕರೆ ಬೇರೆ ಎತ್ತಿಡ್ತಾನೆ, ಮಿಲ್ಲಲ್ಲಿ ತಿರುಳು ಮಾಡುವಾಗ ಅದು ಕರಗಿ ಅಂಟಿಕೊಳ್ಳುತ್ತೆ ಅಂತ. ಚಿಕ್ಕಯ್ಯನಛತ್ರದಲ್ಲಿ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಇದೆ, ರದ್ದಿ ಕಾಗದದಿಂದ ಕ್ರಾಫ್ಟ್ ಕಾಗದ ಮಾಡ್ತಾರೆ. ಅದೇ ನಂಜನಗೂಡಲ್ಲಿ ಕೂತು ನೀನು ರದ್ದಿಗೆ ಹೋಗದ ಕಾಗದ ಮಾಡೋದಾ?

ಹುಡುಗಿ: ಮೇಣ ಬಿಟ್ಟು ಪಿಷ್ಟದ ಲೇಪನಕ್ಕೆ ಹೋದರೆ ತಿರುಳಾಗುತ್ತೆ. ಆದರೆ ಪಿಷ್ಟ ತೇವ ತಡೆಯಲ್ಲ, ಬ್ರೆಡ್ಡು ಬೇಗ ಒಣಗುತ್ತೆ. ಮೇಣ ಹಾಕಿದರೆ ಬ್ರೆಡ್ಡು ಮೆತ್ತಗಿರುತ್ತೆ, ಕಾಗದ ಕಸಕ್ಕೆ. ಇನ್ನೂ ಒಂದಿದೆ, ರದ್ದಿಯಿಂದ ಮಾಡಿದ ಕಾಗದದಲ್ಲಿ ಹಳೇ ಮಸಿಯ ಖನಿಜ ಎಣ್ಣೆ ಉಳಿದಿರಬಹುದು. ಅದು ತಿಂಡಿಗೆ ನೇರ ತಾಗಬಾರದು. ಒಳಗಿನ ಹಾಳೆಗೆ ಹೊಸ ತಿರುಳೇ ಬೇಕು.

ಅಂಗಡಿಯವರು: ಅಂದರೆ ದುಬಾರಿ.

ಹುಡುಗಿ: ದುಬಾರಿ. ಚಕ್ಕೆ ತೊಗಟೆಯ ಎಣ್ಣೆ ಇನ್ನೂ ದುಬಾರಿ. ಎಲೆಯ ಎಣ್ಣೆ ಅಗ್ಗ, ಆದರೆ ಅದರಲ್ಲಿ ಇರೋದು ಮುಖ್ಯವಾಗಿ ಯೂಜೆನಾಲ್, ಮತ್ತೆ ನಿಮ್ಮ ಹಲ್ಲಿನ ಡಾಕ್ಟರ್ ವಾಸನೆ.

ಅಂಗಡಿಯವರು: ನೋಡು, ನಮ್ಮೂರ ಕುಂಭಮೇಳದ ದಿನಗಳಲ್ಲಿ ನನಗೆ ನಿನ್ನ ಕಾಗದ ಬೇಡ, ಕಲ್ಲು ಇಟ್ಟರೂ ಮಾರಿಹೋಗುತ್ತೆ. ಆಷಾಢ, ಶ್ರಾವಣದಲ್ಲಿ ನೋಡೋಣ. ತಲಕಾಡಿನ ಲೈನಿಗೆ ಹೋಗೋ ಬ್ರೆಡ್ಡಲ್ಲಿ ಅರ್ಧ ನಿನ್ನ ಹಾಳೆಯಲ್ಲಿ, ಅರ್ಧ ಅದೇ ಕಾಗದ, ಅದೇ ಲೇಪನ, ಎಣ್ಣೆ ಮಾತ್ರ ಇಲ್ಲದ್ದರಲ್ಲಿ. ಒಂದೇ ಒಲೆಯದು, ಒಂದೇ ಬ್ಯಾಚಿಂದು. ಇಳಿಯೋ ಎಣ್ಣೆ ಎಷ್ಟು ಅಂತ ಲ್ಯಾಬಿಂದ ರಿಪೋರ್ಟು ತಂದ ಮೇಲೆ.

ಹುಡುಗಿ: ಪ್ರೊಪಿಯೊನೇಟ್ ಇಲ್ಲದೆ?

ಅಂಗಡಿಯವರು: ಹಾಕೇ ಹಾಕ್ತೀನಿ. ನೂಲು ಬರೋದನ್ನ ತಡೆಯೋದು ಅದು, ನಿನ್ನ ಚಕ್ಕೆ ಅಲ್ಲ.

ಹುಡುಗಿ: ಎರಡೂ ಹಾಕಿದರೆ ನನ್ನ ಕಾಗದ ಏನು ಮಾಡಿತು ಅಂತ ಹೇಗೆ ಗೊತ್ತಾಗುತ್ತೆ?

ಅಂಗಡಿಯವರು: ಬರೀ ಕಾಗದದ್ದು ಪಕ್ಕದಲ್ಲಿ ಇರುತ್ತಲ್ಲ, ಅದಕ್ಕಿಂತ ಒಂದು ದಿನ ಜಾಸ್ತಿ ಉಳಿದರೆ ಗೊತ್ತಾಗುತ್ತೆ. ಇನ್ನೊಂದು ಷರತ್ತು, ಕವರಿನ ಮೇಲಿನ ತಾರೀಖು ಮಾತ್ರ ಮುಂದೆ ಹಾಕಲ್ಲ. ಈಗ ಎಷ್ಟಿದೆಯೋ ಅಷ್ಟೇ.

ಹುಡುಗಿ: ತಾರೀಖು ಮುಂದೆ ಹೋಗದಿದ್ದರೆ ಅಂಗಡಿಯೋನು ಅದೇ ದಿನವೇ ವಾಪಸ್ ಕಳಿಸ್ತಾನೆ. ಆಮೇಲೆ ನನ್ನ ಕಾಗದದಿಂದ ಲಾಭ ಯಾರಿಗೆ?

ಅಂಗಡಿಯವರು: ತಗೊಂಡು ಹೋಗಿ ಮನೆಯಲ್ಲಿ ಎರಡು ದಿನ ಇಟ್ಟುಕೊಂಡು ತಿನ್ನೋರಿಗೆ.

ಹುಡುಗಿ: ಹಾಳೆ ದುಡ್ಡು ಅವರು ಕೊಡ್ತಾರಾ?

ಅಂಗಡಿಯವರು: ಅದನ್ನೇ ನಾನು ನಿನ್ನ ಕೇಳಬೇಕು ಅಂತಿದ್ದೆ. ಒಂದು ಹಾಳೆಗೆ ಎಷ್ಟು ಬೀಳುತ್ತೆ, ಮೊದಲು ಅದು ಹೇಳು.